ಮ್ಯಾನ್ ಆನ್ ಫೈರ್: ನೋಡಿದವರೂ ನೋಡದವರೂ ಕೇಳುವ ಪ್ರಶ್ನೆಗಳು

2004ರಲ್ಲಿ ಬಂದ ಈ ಸಿನಿಮಾದ ಮಾತು ಎತ್ತಿದರೆ ಸಾಕು, ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೆಲವರು ಫೋನಿನಲ್ಲಿ ಕೇಳಿದ್ದಾರೆ, ಕೆಲವರು ಉದ್ದುದ್ದ ಪತ್ರ ಬರೆದಿದ್ದಾರೆ, ಒಬ್ಬರಂತೂ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಹೋಳಿಗೆ ಬರುವ ತನಕ ವಿಚಾರಿಸಿದರು. ಎಲ್ಲವನ್ನೂ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ನೋಡುವ ಮೊದಲು

ಕಥೆ ಏನು ಅಂತ ಎರಡು ಮಾತಲ್ಲಿ ಹೇಳಿ. ಪೂರ್ತಿ ಹೇಳಿಬಿಡಬೇಡಿ.

ಮೆಕ್ಸಿಕೊ ಸಿಟಿಯಲ್ಲಿ ಶ್ರೀಮಂತರ ಮಕ್ಕಳನ್ನು ಎತ್ತಿಕೊಂಡು ಹೋಗಿ ಹಣ ಕೇಳುವುದು ಒಂದು ದಂಧೆಯಾಗಿ ಬೆಳೆದಿದೆ. ಜಾನ್ ಕ್ರೀಸಿ ಅಮೆರಿಕದ ಮಾಜಿ ಗುಪ್ತಚರ. ಎಷ್ಟು ಜನರನ್ನು ಕೊಂದಿದ್ದಾನೋ ಅವನಿಗೇ ಲೆಕ್ಕವಿಲ್ಲ. ಈಗ ಬಾಟಲಿಗೆ ಅಂಟಿಕೊಂಡಿದ್ದಾನೆ. ಹಳೆಯ ಗೆಳೆಯ ರೇಬರ್ನ್ ಅವನಿಗೊಂದು ಕೆಲಸ ಹಿಡಿದುಕೊಡುತ್ತಾನೆ. ಪೀಟಾ ಎಂಬ ಪುಟ್ಟ ಹುಡುಗಿಯನ್ನು ಶಾಲೆಗೆ ಬಿಟ್ಟು, ವಾಪಸ್ ಕರೆತಂದು, ನಡುವೆ ಕಾಯಬೇಕು. ಅವನಿಗೆ ಮಾತು ಬೇಡ. ಅವಳಿಗೆ ಮಾತು ನಿಲ್ಲಿಸಲು ಬರುವುದಿಲ್ಲ. ಆಮೇಲೆ ಒಂದು ದಿನ ಪಿಯಾನೊ ಪಾಠದ ಮನೆಯ ಎದುರು ಕಾರೊಂದು ಬಂದು ನಿಲ್ಲುತ್ತದೆ.

ಯಾರ್ಯಾರು ಇದ್ದಾರೆ? ಯಾರು ಮಾಡಿದ್ದು?

ನಿರ್ದೇಶಕ ಟೋನಿ ಸ್ಕಾಟ್, ಚಿತ್ರಕಥೆ ಬ್ರಯಾನ್ ಹೆಲ್ಗೆಲ್ಯಾಂಡ್. ಕ್ರೀಸಿಯಾಗಿ ಡೆಂಝೆಲ್ ವಾಷಿಂಗ್ಟನ್, ಪೀಟಾ ಆಗಿ ಡಕೋಟಾ ಫ್ಯಾನಿಂಗ್. ತಂದೆ ಸ್ಯಾಮ್ಯುಯೆಲ್ ಪಾತ್ರದಲ್ಲಿ ಹಾಡುಗಾರ ಮಾರ್ಕ್ ಆಂಟನಿ, ತಾಯಿ ಲೀಸಾ ಆಗಿ ರಾಧಾ ಮಿಚೆಲ್. ಹೆಸರು ಕೇಳಿ ನಮ್ಮೂರಿನವರೇ ಎಂದುಕೊಳ್ಳಬೇಡಿ, ಆಕೆ ಆಸ್ಟ್ರೇಲಿಯಾದವರು. ಗೆಳೆಯ ರೇಬರ್ನ್ ಆಗಿ ಕ್ರಿಸ್ಟೋಫರ್ ವಾಕೆನ್, ವಕೀಲ ಕಾಲ್ಫಸ್ ಆಗಿ ಮಿಕಿ ರೂರ್ಕ್. 146 ನಿಮಿಷದ ಚಿತ್ರ.

ಮೊದಲ ಮುಕ್ಕಾಲು ಗಂಟೆ ಏನೂ ಆಗೋದೇ ಇಲ್ವಂತೆ. ಓಡಿಸಿಕೊಂಡು ಫೈಟಿಂಗ್‌ಗೆ ಹೋಗಬಹುದಾ?

ದಯವಿಟ್ಟು ಬೇಡ. ಈ ಸಿನಿಮಾದ ಬಂಡವಾಳ ಇರುವುದೇ ಆ ಮುಕ್ಕಾಲು ಗಂಟೆಯಲ್ಲಿ. ಪೀಟಾ ಈಜಿನಲ್ಲಿ ಚುರುಕು, ಆದರೆ ಸ್ಪರ್ಧೆ ಶುರುವಾಗುವ ಪಿಸ್ತೂಲಿನ ಸದ್ದಿಗೆ ಬೆಚ್ಚಿ ಒಂದು ಕ್ಷಣ ತಡವಾಗಿ ಹಾರುತ್ತಾಳೆ. ಗುಂಡಿನ ಸದ್ದಿನ ನಡುವೆಯೇ ಬದುಕು ಸವೆಸಿದ ಕ್ರೀಸಿ ಅವಳಿಗೆ ಹೇಳಿಕೊಡುವುದು ಇಷ್ಟೇ: ಆ ಸದ್ದು ಹೆದರಿಸುವುದಕ್ಕಲ್ಲ, ನಿನ್ನನ್ನು ಬಿಡಿಸುವುದಕ್ಕೆ. ಜಗತ್ತಿನಲ್ಲಿ ಗಟ್ಟಿಗರು ಅಂತ ಯಾರೂ ಇಲ್ಲ, ತರಬೇತಾದವರು ಇದ್ದಾರೆ, ತರಬೇತಾಗದವರು ಇದ್ದಾರೆ ಎನ್ನುತ್ತಾನೆ. ಹುಡುಗಿ ತನ್ನ ಕರಡಿ ಗೊಂಬೆಗೆ ಅವನ ಹೆಸರನ್ನೇ ಇಡುತ್ತಾಳೆ. ಅವನು ಮೊದಲ ಸಲ ನಗುವುದನ್ನು ಕಂಡಾಗ ಗೆದ್ದವಳಂತೆ ಕುಣಿಯುತ್ತಾಳೆ. ಇದನ್ನೆಲ್ಲ ಬಿಟ್ಟರೆ ಉಳಿಯುವುದು ಒಬ್ಬ ಗಂಡಸು ಒಂದಷ್ಟು ಜನರನ್ನು ಕೊಲ್ಲುವ ಚಿತ್ರ. ಅಂಥವು ಬೇಕಾದಷ್ಟಿವೆ.

ಮನೇಲಿ ಮಕ್ಕಳ ಜೊತೆ ಕೂತು ನೋಡಬಹುದಾ? ಹುಡುಗಿ ಇದ್ದಾಳಲ್ಲ ಅಂತ ಕೇಳ್ತಿದೀನಿ.

ಬೇಡ. ಬೆರಳು ಕತ್ತರಿಸುವ ದೃಶ್ಯವಿದೆ, ದೇಹದೊಳಗೆ ಬಾಂಬ್ ಇಟ್ಟು ವಿಚಾರಣೆ ಮಾಡುವ ದೃಶ್ಯವಿದೆ. ಅಮೆರಿಕದಲ್ಲೇ ದೊಡ್ಡವರ ಸಿನಿಮಾ ಎಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಮಕ್ಕಳಷ್ಟೇ ಅಲ್ಲ, ಆಗತಾನೇ ಅಪ್ಪ ಅಮ್ಮ ಆದವರೂ ಒಂದೆರಡು ವರ್ಷ ತಡೆದು ನೋಡುವುದು ಒಳ್ಳೆಯದು. ಇದು ಅನುಭವದ ಮಾತು.

ನಿಜವಾಗಿ ನಡೆದ ಕಥೆ ಅಂತೆ, ಹೌದಾ?

ಅಲ್ಲ. ಮೂಲ ಒಂದು ಕಾದಂಬರಿ. ಚಿತ್ರದ ಶುರುವಿನಲ್ಲಿ ಅಪಹರಣದ ಅಂಕಿಅಂಶ, ಕೊನೆಯಲ್ಲಿ ಪಾತ್ರಗಳಿಗೆ ಏನಾಯಿತು ಎಂದು ದಿನಾಂಕ ಸಮೇತ ಬರುವ ಅಕ್ಷರಗಳು, ಎಲ್ಲ ಸೇರಿ ನಿಜಘಟನೆಯ ಗತ್ತು ಕೊಡುತ್ತವೆ. ಅದು ಬರೀ ಗತ್ತು. ಹಿನ್ನೆಲೆಯ ಭಯ ಮಾತ್ರ ಪೂರ್ತಿ ನಿಜ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

## ನೋಡಿದ ಮೇಲೆ

ಕೊನೆ ಮೊದಲೇ ಗೊತ್ತಾದರೆ ಬೇಸರಪಡುವವರು ಇಲ್ಲಿಗೇ ನಿಲ್ಲಿಸಿ, ಸಿನಿಮಾ ನೋಡಿಕೊಂಡು ಬನ್ನಿ.

ಅಷ್ಟು ದೊಡ್ಡ ಮನೆ, ಕಾರ್ಖಾನೆ ಎಲ್ಲ ಇರೋ ಅಪ್ಪ ಕುಡುಕನನ್ನ ಯಾಕೆ ಕಾವಲಿಗೆ ಇಟ್ಕೊಂಡ?

ಅವನು ಅಗ್ಗಕ್ಕೆ ಸಿಕ್ಕ, ಅದಕ್ಕೆ. ಸ್ಯಾಮ್ಯುಯೆಲ್ ಹೊರಗೆ ಕಾಣುವಷ್ಟು ಸಿರಿವಂತನಲ್ಲ. ಅಪ್ಪನಿಂದ ಬಂದ ಸಾಲ ಕುತ್ತಿಗೆಗೆ ಬಂದಿದೆ. ಅಪಹರಣ ವಿಮೆ ನವೀಕರಿಸಬೇಕಾದರೆ ಮನೆಯಲ್ಲಿ ಒಬ್ಬ ಅಂಗರಕ್ಷಕ ಇದ್ದಾನೆ ಎಂದು ತೋರಿಸಬೇಕು. ಕಾಗದಕ್ಕೆ ಬೇಕಾಗಿದ್ದು ಒಂದು ಹೆಸರು. ವಕೀಲ ಕಾಲ್ಫಸ್ ಕೊಡುವ ಸಲಹೆಯೂ ಅದೇ: ಯಾರನ್ನಾದರೂ ಇಟ್ಟುಕೋ, ವಿಮೆ ಆದ ಮೇಲೆ ಕಳಿಸಿಬಿಡು. ಕುಡಿಯುವುದನ್ನು ಕ್ರೀಸಿ ಸಂದರ್ಶನದಲ್ಲೇ ಮುಚ್ಚಿಡದೆ ಹೇಳುತ್ತಾನೆ. ಸ್ಯಾಮ್ಯುಯೆಲ್‌ಗೆ ಅದು ಅಡ್ಡಿಯಾಗುವುದಿಲ್ಲ. ಮೊದಲ ಸಲ ನೋಡುವಾಗ ಇದು ತಂದೆಯ ಔದಾರ್ಯ ಅನಿಸುತ್ತದೆ. ಎರಡನೇ ಸಲ ಹೊಟ್ಟೆಯಲ್ಲಿ ಕಲ್ಲು ಇಟ್ಟಂತಾಗುತ್ತದೆ.

ದುಡ್ಡಿನ ಲೆಕ್ಕ ತಲೆಗೆ ಹೋಗಲಿಲ್ಲ. ಹತ್ತು ಮಿಲಿಯನ್ ಡಾಲರ್ ಯಾರ ಪಾಲಾಯ್ತು?

ತುಂಬ ಜನ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಪಹರಣದ ಯೋಜನೆಯಲ್ಲಿ ತಂದೆಯೂ ಇದ್ದಾನೆ. ಮಗಳನ್ನು ಒಂದೆರಡು ದಿನ ಇಟ್ಟುಕೊಂಡು ಬಿಡುತ್ತಾರೆ, ವಿಮೆ ಕಂಪನಿ ಹಣ ಕೊಡುತ್ತದೆ, ಅದರಲ್ಲಿ ತನಗೂ ಪಾಲು ಸಿಗುತ್ತದೆ, ಸಾಲ ತೀರುತ್ತದೆ ಎಂದು ಕಾಲ್ಫಸ್ ಅವನ ತಲೆಗೆ ತುಂಬಿದ್ದಾನೆ. ಹಣ ಒಪ್ಪಿಸುವ ರಾತ್ರಿ ಇನ್ನೊಂದು ಗುಂಪು ನಡುವೆ ನುಗ್ಗುತ್ತದೆ. ಫುಯೆಂತೆಸ್ ಎಂಬ ಪೊಲೀಸ್ ಅಧಿಕಾರಿ ಮತ್ತು ಅವನ ಕಡೆಯವರು ಚೀಲ ದೋಚುತ್ತಾರೆ, ಆ ಗಲಾಟೆಯಲ್ಲಿ ಅಪಹರಣಕಾರರ ನಾಯಕನ ಸೋದರಳಿಯ ಸಾಯುತ್ತಾನೆ. ನಾಯಕ, ಎಲ್ಲರೂ 'ದನಿ' ಎಂದು ಕರೆಯುವವನು, ಇದಕ್ಕೆ ಪ್ರತಿಯಾಗಿ ಹುಡುಗಿ ಇನ್ನಿಲ್ಲ ಎಂದು ಫೋನಿನಲ್ಲಿ ಹೇಳುತ್ತಾನೆ. ಇತ್ತ ಫುಯೆಂತೆಸ್ ಚೀಲ ಬಿಚ್ಚಿ ನೋಡಿದರೆ ಪೂರ್ತಿ ಹತ್ತು ಮಿಲಿಯನ್ ಅದರಲ್ಲಿಲ್ಲ. ಅದು ಹೊರಡುವ ಮೊದಲೇ ಮನೆಯವರ ಕೈಯಲ್ಲಿ ಸೊರಗಿತ್ತು. ಕ್ರೀಸಿ ಕೆಳಗಿನ ಗೂಂಡಾಗಳಿಂದ ಹಿಡಿದು ಹಣದ ಜಾಡಿನಲ್ಲಿ ಮೇಲಕ್ಕೆ ಹತ್ತುತ್ತಾ ಹೋಗಿ ಕೊನೆಗೆ ಬಂದು ನಿಲ್ಲುವುದು ತಾನು ಸಂಬಳ ಪಡೆದ ಮನೆಯ ಬಾಗಿಲಿಗೆ.

ಅಪ್ಪನ ಮುಂದೆ ಇಟ್ಟು ಬರ್ತಾನಲ್ಲ, ಆ ಗುಂಡಿನ ಕಥೆ ಏನು?

ಶುರುವಿನಲ್ಲಿ ಒಂದು ರಾತ್ರಿ ಕ್ರೀಸಿ ತಲೆಗೆ ಪಿಸ್ತೂಲು ಇಟ್ಟುಕೊಂಡು ಟ್ರಿಗರ್ ಒತ್ತುತ್ತಾನೆ. ಅದು ಸಿಡಿಯುವುದಿಲ್ಲ. ಗುಂಡು ಯಾವತ್ತೂ ಸುಳ್ಳು ಹೇಳುವುದಿಲ್ಲ ಎಂಬುದು ಕ್ರೀಸಿ ಮತ್ತು ರೇಬರ್ನ್, ಈ ಇಬ್ಬರು ಹಳೆಯ ಸೈನಿಕರ ನಡುವಿನ ಮಾತು. ಅಂದಿನಿಂದ ಆ ಗುಂಡನ್ನು ಜೊತೆಗೇ ಇಟ್ಟುಕೊಂಡಿರುತ್ತಾನೆ. ಸ್ಯಾಮ್ಯುಯೆಲ್ ಎಲ್ಲವನ್ನೂ ಒಪ್ಪಿಕೊಂಡಾಗ ಕ್ರೀಸಿ ಅವನನ್ನು ಕೊಲ್ಲುವುದಿಲ್ಲ. ಆ ಗುಂಡನ್ನು ಕೊಟ್ಟು ಹೊರಡುತ್ತಾನೆ. ಅವನಿಗೆ ಸಿಡಿಯದಿದ್ದದ್ದು ಇವನಿಗೆ ಸಿಡಿಯುತ್ತದೆ. ಇಡೀ ಚಿತ್ರದಲ್ಲಿ ತೀರ್ಪನ್ನು ಅಪರಾಧಿಗೇ ಬಿಟ್ಟುಕೊಡುವುದು ಇಲ್ಲಿ ಮಾತ್ರ.

ಪೀಟಾ ಅವನಿಗೆ ಕೊಡೋ ಪದಕ ಯಾವ ದೇವರದ್ದು?

ಸಂತ ಜೂಡ್ ತದೇವನದು. ಕೈಮೀರಿದ ಕಷ್ಟಗಳಿಗೆ, ಎಲ್ಲ ದಾರಿ ಮುಚ್ಚಿದವರಿಗೆ ಆಸರೆಯಾದ ಸಂತ ಎಂಬುದು ಕ್ಯಾಥೊಲಿಕರ ನಂಬಿಕೆ. ಮೆಕ್ಸಿಕೊ ಸಿಟಿಯಲ್ಲಿ ಈತನ ಮೇಲೆ ವಿಪರೀತ ಭಕ್ತಿ. ಸಾನ್ ಇಪೊಲಿತೊ ಚರ್ಚಿನ ಮುಂದೆ ಪ್ರತಿ ತಿಂಗಳ 28ಕ್ಕೆ ಜನ ಮೂರ್ತಿಗಳನ್ನು ಎದೆಗವಚಿಕೊಂಡು ಸಾಲುಗಟ್ಟುತ್ತಾರೆ, ಅಕ್ಟೋಬರ್ 28ಕ್ಕೆ ಅದು ಜಾತ್ರೆಯೇ ಆಗುತ್ತದೆ. ಒಂದು ಮಗು ಅಂಥ ಪದಕವನ್ನು ಕ್ರೀಸಿಯಂಥವನ ಕೊರಳಿಗೆ ಹಾಕುತ್ತದೆ ಎಂದರೆ ಅವನ ಸ್ಥಿತಿ ಅದಕ್ಕೆ ಅರ್ಥವಾಗಿದೆ ಎಂದೇ ಲೆಕ್ಕ.

ಹುಡುಗಿ ಬದುಕಿದಾಳೆ ಅಂತ ಮೊದಲೇ ಗೊತ್ತಿದ್ರೆ ಅಷ್ಟೂ ಜನ ಸಾಯೋದು ಬೇಕಿತ್ತಾ?

ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು ಇದು. ಉತ್ತರ ಕೊಡಲು ವರ್ಷಗಳೇ ಹಿಡಿದವು.

ಕ್ರೀಸಿ ತೀರಿಸಿಕೊಳ್ಳಲು ಹೊರಟದ್ದು ಆಗದೇ ಇದ್ದ ಒಂದು ಸಾವಿನ ಸೇಡನ್ನು. ಅವನ ಪಟ್ಟಿ ಮುಗಿಯುತ್ತಾ ಬಂದಾಗ 'ದನಿ'ಯ ತಮ್ಮ ಔರೆಲಿಯೊ ಕೈಗೆ ಸಿಗುತ್ತಾನೆ. ಫೋನಿನಲ್ಲಿ ಅಣ್ಣನ ಚೌಕಾಸಿ ಶುರುವಾಗುತ್ತದೆ. ಜೀವಕ್ಕೆ ಜೀವ ಕೊಡುತ್ತೇನೆ, ಹುಡುಗಿ ಬದುಕಿದ್ದಾಳೆ ಎನ್ನುತ್ತಾನೆ. ತಮ್ಮನ ಜೊತೆಗೆ ಕ್ರೀಸಿಯನ್ನೂ ಕೇಳುತ್ತಾನೆ. ಕ್ರೀಸಿ ಒಂದು ಕ್ಷಣವೂ ಯೋಚಿಸುವುದಿಲ್ಲ.

ಕನ್ನಡದಲ್ಲಿ ಮುಯ್ಯಿ ಎಂಬ ಪದ ಇದೆ. ಮದುವೆ ಮನೆಯಲ್ಲಿ ಕೊಟ್ಟ ಉಡುಗೊರೆಗೆ ಪ್ರತಿಯಾಗಿ ಕೊಡುವುದೂ ಮುಯ್ಯಿಯೇ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿಯೇ. ಈ ಸಿನಿಮಾ ಎರಡನೆಯ ಅರ್ಥದಲ್ಲಿ ಓಡಿ ಓಡಿ ಕೊನೆಯ ಹತ್ತು ನಿಮಿಷದಲ್ಲಿ ಮೊದಲನೆಯ ಅರ್ಥಕ್ಕೆ ಬರುತ್ತದೆ. ಹುಡುಗಿ ಅವನಿಗೆ ಬದುಕು ಕೊಟ್ಟಿದ್ದಳು, ಅವನು ತಿರುಗಿ ಕೊಟ್ಟ. ಸೇತುವೆಯ ಮೇಲೆ ಅವಳು ಓಡಿ ಬಂದು ತಬ್ಬಿಕೊಂಡು, ಆಮೇಲೆ ತಾಯಿಯ ಕಡೆಗೆ ಹೋಗುವಾಗ, ಗಾಯಗೊಂಡ ಕ್ರೀಸಿ ಎದುರು ದಿಕ್ಕಿಗೆ ನಡೆಯುತ್ತಾನೆ. ಅವನ ಕೈಯಲ್ಲಿ ಆಯುಧವಿಲ್ಲ.

ಹಾಗಂತ ಕೇಳಿದವರು ಸುಮ್ಮನಾಗಲಿಲ್ಲ. ಅವನು ಅಷ್ಟು ಜನರನ್ನು ಹಿಂಸಿಸದಿದ್ದರೆ ತಮ್ಮ ಸಿಗುತ್ತಿರಲಿಲ್ಲ, ತಮ್ಮ ಸಿಗದಿದ್ದರೆ ಹುಡುಗಿಯೂ ಸಿಗುತ್ತಿರಲಿಲ್ಲ ಎಂದರು. ಹೌದು. ಚಿತ್ರ ಆ ಮುಜುಗರವನ್ನು ಬಗೆಹರಿಸುವುದಿಲ್ಲ, ನಾನೂ ಬಗೆಹರಿಸಲಾರೆ.

ಕೊನೆಯಲ್ಲಿ 'ದನಿ'ಯನ್ನ ಕೊಲ್ಲೋದು ಕ್ರೀಸಿ ಅಲ್ವಲ್ಲ? ಯಾಕೋ ಸಪ್ಪೆ ಅನಿಸ್ತು.

ಫೆಡರಲ್ ತನಿಖಾ ಸಂಸ್ಥೆಯ ಮಂಝಾನೊ ಕೊಲ್ಲುತ್ತಾನೆ, ಅದೂ ಬಂಧಿಸಲು ಹೋದ ಹೆಸರಿನಲ್ಲಿ. ಸಪ್ಪೆ ಅನಿಸುವುದು ಸಹಜ, ಎರಡು ಗಂಟೆ ನಮ್ಮನ್ನು ಹಸಿವಿನಲ್ಲಿಟ್ಟು ಊಟ ಇನ್ನೊಬ್ಬರಿಗೆ ಬಡಿಸಿದಂತಿದೆ. ಆದರೆ ಮಂಝಾನೊನನ್ನು ಗಮನಿಸಿ ನೋಡಿ. ಅವನೂ ಪತ್ರಕರ್ತೆ ಮರಿಯಾನಾಳೂ ಮೊದಲಿನಿಂದಲೂ ಕ್ರೀಸಿಗೆ ದಾರಿ ಬಿಟ್ಟುಕೊಟ್ಟವರೇ. ತಮ್ಮ ಕಾನೂನು ಕೈಹಾಕಲಾಗದ ಕೊಳಕಿಗೆ ಹೊರಗಿನ ಕೈ ಸಿಕ್ಕಿತು ಎಂಬ ಸಮಾಧಾನ ಅವರದು. ಕೊನೆಯ ಗುಂಡು ಸರ್ಕಾರದ್ದು ಎಂಬುದು ನನಗೆ ಚಿತ್ರದ ಅತ್ಯಂತ ಕಹಿ ಮಾತು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಮೂಲ ಕಾದಂಬರಿ ಓದಿದೆ, ಕಥೆ ಬೇರೆ ಥರಾನೇ ಇದೆಯಲ್ಲ?

ಬೇರೆ ಅನ್ನುವುದಕ್ಕಿಂತ ಅದಲುಬದಲು. ಎ. ಜೆ. ಕ್ವಿನೆಲ್ ಎಂಬ ಹೆಸರಿನಲ್ಲಿ 1980ರಲ್ಲಿ ಬಂದ ಕಾದಂಬರಿ ಅದು. ನಿಜವಾದ ಹೆಸರು ಫಿಲಿಪ್ ನಿಕೊಲ್ಸನ್. ಇಂಗ್ಲಿಷರವನಾದರೂ ಮಾಲ್ಟಾದ ಗೋಜೊ ದ್ವೀಪದಲ್ಲಿ ನೆಲೆಸಿ 2005ರಲ್ಲಿ ಅಲ್ಲೇ ತೀರಿಕೊಂಡ. ಅವನ ಕ್ರೀಸಿ ಫ್ರೆಂಚ್ ಫಾರಿನ್ ಲೀಜನ್‌ನಲ್ಲಿ, ಅಂದರೆ ವಿದೇಶಿಯರನ್ನು ಸೇರಿಸಿಕೊಳ್ಳುವ ಫ್ರೆಂಚ್ ಸೇನಾಪಡೆಯಲ್ಲಿ, ದುಡಿದು ಬಂದ ಬಾಡಿಗೆ ಸೈನಿಕ. ಕಥೆ ನಡೆಯುವುದು ಇಟಲಿಯಲ್ಲಿ, ಎದುರಾಳಿ ಮಾಫಿಯಾ. ಗಾಯಗೊಂಡ ಕ್ರೀಸಿ ಗೋಜೊಗೆ ಹೋಗಿ ಮೈ ಕಟ್ಟಿಕೊಂಡು ಮರಳುವ ಭಾಗ ಕಾದಂಬರಿಯಲ್ಲಿ ಬಹಳ ಚೆನ್ನಾಗಿದೆ, ಸಿನಿಮಾದಲ್ಲಿ ಅದಿಲ್ಲ.

ಪುಸ್ತಕದಲ್ಲಿ ಹುಡುಗಿ ಸಾಯುತ್ತಾಳೆ, ಕ್ರೀಸಿ ಉಳಿಯುತ್ತಾನೆ. ಅವನು ಉಳಿದದ್ದರಿಂದಲೇ ಕ್ವಿನೆಲ್‌ಗೆ ಇನ್ನೂ ನಾಲ್ಕು ಕ್ರೀಸಿ ಕಾದಂಬರಿ ಬರೆಯಲು ಸಾಧ್ಯವಾಯಿತು. ಸಿನಿಮಾದಲ್ಲಿ ಹುಡುಗಿ ಉಳಿಯುತ್ತಾಳೆ, ಅವನು ಸಾಯುತ್ತಾನೆ. ಇಷ್ಟು ಬದಲಾದರೆ ಅದು ಬೇರೆಯೇ ಕಥೆ. ಅಲ್ಲಿ ಸೇಡಿಗೆ ಸಾಕಷ್ಟು ಕಾರಣವಿದೆ, ಓದುಗನಿಗೆ ಅನುಮಾನ ಉಳಿಯುವುದಿಲ್ಲ. ಇಲ್ಲಿ ಸೇಡು ತಪ್ಪು ಮಾಹಿತಿಯ ಮೇಲೆ ನಿಂತಿದೆ. ಹಾಲಿವುಡ್ ಸುಖಾಂತ್ಯದ ಆಸೆಗೆ ಬದಲಾಯಿಸಿತು ಎಂದು ಮೂಗು ಮುರಿಯುವವರಿದ್ದಾರೆ. ಇದರಲ್ಲಿ ಸುಖ ಎಲ್ಲಿದೆಯೋ ಅವರೇ ಹೇಳಬೇಕು.

ಇಟಲಿ ಕಥೆಯನ್ನ ಮೆಕ್ಸಿಕೊಗೆ ಯಾಕೆ ಎತ್ತಿ ಇಟ್ರು?

ಕಾಲ ಬದಲಾಗಿತ್ತು. 1970, 80ರ ದಶಕದ ಇಟಲಿಯಲ್ಲಿ ಹಣಕ್ಕಾಗಿ ಅಪಹರಣ ನಿತ್ಯದ ಸುದ್ದಿ. 1973ರಲ್ಲಿ ರೋಮ್‌ನಿಂದ ಎಣ್ಣೆ ದೊರೆ ಗೆಟ್ಟಿಯ ಮೊಮ್ಮಗನನ್ನೇ ಎತ್ತಿಕೊಂಡು ಹೋಗಿ, ಅವನ ಕಿವಿ ಕತ್ತರಿಸಿ ಅಂಚೆಯಲ್ಲಿ ಕಳಿಸಿದ್ದರು. ಕೊನೆಗೆ 1991ರಲ್ಲಿ ಇಟಲಿ ಒಂದು ಕಾನೂನು ತಂದಿತು. ಅಪಹರಣವಾದ ಕೂಡಲೇ ಆ ಕುಟುಂಬದ ಆಸ್ತಿ, ಬ್ಯಾಂಕ್ ಖಾತೆ ಎಲ್ಲ ಸ್ತಂಭನ. ಕೊಡಲು ಕೈಯಲ್ಲಿ ಹಣವೇ ಇಲ್ಲದಿದ್ದರೆ ಕೇಳಿ ಪ್ರಯೋಜನವೇನು? ಕ್ರೂರವಾದ ಉಪಾಯ, ಆದರೆ ದಂಧೆ ಇಳಿಮುಖವಾಯಿತು. 2003ರ ಹೊತ್ತಿಗೆ ಇಟಲಿಯಲ್ಲಿ ಈ ಕಥೆ ಹೇಳಿದರೆ ಹಳೆಯ ಕಾಲದ ಸಿನಿಮಾ ಆಗುತ್ತಿತ್ತು.

ಅಂದಹಾಗೆ ಇದೇ ಕಾದಂಬರಿ 1987ರಲ್ಲಿ ಒಮ್ಮೆ ಇಟಲಿಯಲ್ಲೇ ಸಿನಿಮಾ ಆಗಿತ್ತು. ಎಲಿ ಶುರಾಕಿ ನಿರ್ದೇಶನ, ಕ್ರೀಸಿಯಾಗಿ ಸ್ಕಾಟ್ ಗ್ಲೆನ್. ಟೋನಿ ಸ್ಕಾಟ್‌ಗೆ ಆಗಲೇ ಅದನ್ನು ಮಾಡುವ ಆಸೆಯಿತ್ತು, ಕೈಗೂಡಲಿಲ್ಲ. ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಕಾದ.

ಮೆಕ್ಸಿಕೊದ ಪೊಲೀಸರೇ ಕಳ್ಳರು ಅಂತ ತೋರಿಸಿದ್ದು ಅತಿ ಆಯ್ತಲ್ವಾ? ಒಂದು ದೇಶವನ್ನೇ ಅವಮಾನಿಸಿದ ಹಾಗೆ.

ಅವಮಾನದ ಅಂಶ ಇದೆ. ಸಂಜೆಯ ಹಳದಿ ಬೆಳಕು, ಇರುಕು ರಸ್ತೆ, ಎಲ್ಲ ಮುಖಗಳ ಮೇಲೂ ಬೆವರು. ಅಮೆರಿಕದವರು ಮೆಕ್ಸಿಕೊವನ್ನು ತೋರಿಸುವ ಹಳೆಯ ಚಾಳಿ ಇಲ್ಲೂ ಇದೆ. ಕೊನೆಯಲ್ಲಿ ಆ ನಗರಕ್ಕೆ ಬಹಳ ವಿಶೇಷವಾದ ಜಾಗ ಎಂದು ಥ್ಯಾಂಕ್ಸ್ ಹೇಳುವ ಸಾಲು ಹಾಕಿದ್ದಾರೆ. ಮಾಡುವುದೆಲ್ಲ ಮಾಡಿ ಹಾರ ಹಾಕಿದ ಹಾಗೆ.

ಆದರೆ ಪೊಲೀಸರ ಕೈವಾಡ ಕಲ್ಪನೆಯಲ್ಲ. ಬಲಿಪಶುಗಳ ಕಿವಿ ಕತ್ತರಿಸಿ ಮನೆಗೆ ಕಳಿಸುತ್ತಿದ್ದ ಡೇನಿಯೆಲ್ ಅರಿಸ್ಮೆಂಡಿ ಎಂಬಾತನನ್ನು 1998ರಲ್ಲಿ ಹಿಡಿದರು. ಅವನೂ ಒಂದು ಕಾಲಕ್ಕೆ ಪೊಲೀಸ್ ಕೆಲಸದಲ್ಲಿದ್ದವನೇ. ಚಿತ್ರದ ಖಳನ ಹೆಸರೂ ಡೇನಿಯೆಲ್. ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾದದ್ದು 2004ರ ಏಪ್ರಿಲ್ 23ಕ್ಕೆ. ಎರಡು ತಿಂಗಳಿಗೆ, ಜೂನ್ 27ರಂದು, ಲಕ್ಷಾಂತರ ಜನ ಬಿಳಿ ಬಟ್ಟೆ ತೊಟ್ಟು ಅಪಹರಣದ ವಿರುದ್ಧ ಮೆಕ್ಸಿಕೊ ಸಿಟಿಯ ಬೀದಿಗಿಳಿದರು. 2008ರಲ್ಲಿ ಅಲ್ಲಿನ ಉದ್ಯಮಿಯೊಬ್ಬರ 14 ವರ್ಷದ ಮಗನನ್ನು ನಕಲಿ ಪೊಲೀಸ್ ತಪಾಸಣೆಯ ನೆಪದಲ್ಲಿ ಕಾರು ನಿಲ್ಲಿಸಿ ಎತ್ತಿಕೊಂಡು ಹೋಗಿ ಕೊಂದರು. ಆ ಕಾರಿನಲ್ಲಿ ಅಂಗರಕ್ಷಕನೂ ಇದ್ದ. ಆ ಸುದ್ದಿ ಓದಿದ ಮೇಲೆ ಅತಿ ಎಂಬ ಪದ ನನ್ನ ಬಾಯಿಂದ ಬರುವುದಿಲ್ಲ.

ಶುರುವಿನಲ್ಲಿ ನೂರಕ್ಕೆ 70 ಜನ ಬದುಕಿ ಬರಲ್ಲ ಅಂತ ತೋರಿಸ್ತಾರೆ. ನಿಜಾನಾ?

ಲ್ಯಾಟಿನ್ ಅಮೆರಿಕದಲ್ಲಿ ಗಂಟೆಗೊಂದು ಅಪಹರಣ, ಅದರಲ್ಲಿ ನೂರಕ್ಕೆ 70 ಸಾವು ಎಂಬುದು ಚಿತ್ರದ ಹೇಳಿಕೆ. ಎರಡನೆಯ ಅಂಕಿಯನ್ನು ನಾನು ನಂಬುವುದಿಲ್ಲ, ಕಾರಣ ಸರಳ. ಇದು ವ್ಯಾಪಾರ. ಹಣ ಕೊಟ್ಟರೂ ಮಗು ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಾದರೆ ನಾಳೆ ಯಾರು ಹಣ ಕೊಡುತ್ತಾರೆ? ಚಿತ್ರದ 'ದನಿ'ಯೇ ತಾನು ಕಸುಬುದಾರ ಎಂದುಕೊಳ್ಳುವವನು. ಪೀಟಾಳನ್ನು ಜೀವಂತ ಇಟ್ಟುಕೊಂಡದ್ದೂ ಅದಕ್ಕೇ. ಸಿನಿಮಾದ ಮೊದಲ ಸಾಲಿಗೂ ಕೊನೆಯ ತಿರುವಿಗೂ ತಾಳೆಯಾಗುವುದಿಲ್ಲ.

ಅಪಹರಣಕ್ಕೂ ವಿಮೆ ಇದೆಯಾ? ನಮ್ಮ ದೇಶದಲ್ಲೂ?

ಇದೆ. 1932ರಲ್ಲಿ ಅಮೆರಿಕದ ವಿಮಾನವೀರ ಲಿಂಡ್‌ಬರ್ಗ್‌ನ ಮಗುವಿನ ಅಪಹರಣವಾದ ಮೇಲೆ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ ಇದು ಹುಟ್ಟಿತು. ಸಾಮಾನ್ಯವಾಗಿ ಮನೆಯವರು ಮೊದಲು ಹಣ ಹೊಂದಿಸಿ ಕೊಡಬೇಕು, ಕಂಪನಿ ಆಮೇಲೆ ತುಂಬಿಕೊಡುತ್ತದೆ. ಜೊತೆಗೆ ಮಾತುಕತೆಗೆ ಪಳಗಿದವರನ್ನು ಕಳಿಸುತ್ತದೆ. ಒತ್ತೆಹಣ ಸಿನಿಮಾದ ಹಾಗೆ ಕೇಳಿದ ದಿನವೇ ಕೈಬದಲಾಗುವುದಿಲ್ಲ. ವಾರಗಟ್ಟಲೆ ಚೌಕಾಸಿ ನಡೆಯುತ್ತದೆ, ಬೇಗ ಒಪ್ಪಿದರೆ ಇನ್ನೂ ಇದೆ ಎಂದು ಅವರಿಗೆ ಅನಿಸುತ್ತದೆ. ಇನ್ನೊಂದು ಕಟ್ಟುನಿಟ್ಟಿನ ನಿಯಮ: ವಿಮೆ ಇದೆ ಎಂದು ಯಾರಿಗೂ ಹೇಳಬಾರದು. ಸ್ಯಾಮ್ಯುಯೆಲ್ ಕಥೆ ನೋಡಿದರೆ ಆ ನಿಯಮ ಯಾಕೆ ಎಂದು ಗೊತ್ತಾಗುತ್ತದೆ.

ಭಾರತದಲ್ಲೂ ಇಂಥ ವಿಮೆ ಸಿಗುತ್ತದೆ, ಕೊಳ್ಳುವವರು ಬಹುಪಾಲು ಕಂಪನಿಗಳು. ಹಣಕ್ಕಾಗಿ ಅಪಹರಣಕ್ಕೆ ನಮ್ಮ ಕಾನೂನಿನಲ್ಲಿ ಜೀವಾವಧಿ ಅಥವಾ ಮರಣದಂಡನೆಯವರೆಗೆ ಶಿಕ್ಷೆ ಇದೆ, ಹಳೆಯ ದಂಡಸಂಹಿತೆಯ 364ಎ ಕಲಂ ಅದೇ. ಅಪಹರಣ ಎಂದರೆ ನಮ್ಮ ತಲೆಮಾರಿನ ಕನ್ನಡಿಗರಿಗೆ 2000ದ ಜುಲೈ 30ರ ಗಾಜನೂರೇ ಕಣ್ಣಿಗೆ ಬರುವುದು. ವೀರಪ್ಪನ್ ಹಿಡಿತದಿಂದ ಡಾ. ರಾಜ್‌ಕುಮಾರ್ ಬಿಡುಗಡೆಯಾಗಲು 108 ದಿನ ಬೇಕಾಯಿತು. ಕಾಯುವುದು ಎಂದರೇನು ಎಂದು ಒಂದು ರಾಜ್ಯವೇ ಕಲಿತ ದಿನಗಳು ಅವು. ಈ ಚಿತ್ರದ ತಾಯಿ ಫೋನಿನ ಪಕ್ಕ ಕೂತಿರುವ ದೃಶ್ಯ ನೋಡುವಾಗ ನನಗೆ ಆಗಿನ ರೇಡಿಯೊ ಸುದ್ದಿಯ ಹೊತ್ತು ನೆನಪಾಗುತ್ತದೆ.

ಕಾವಲುಗಾರನಾಗಿ ಕ್ರೀಸಿ ತಪ್ಪು ಮಾಡಿದ್ದೆಲ್ಲಿ? ಅಷ್ಟು ಅನುಭವ ಇದ್ದೂ ಹುಡುಗಿಯನ್ನ ಉಳಿಸಿಕೊಳ್ಳಲಿಲ್ಲವಲ್ಲ.

ಈ ಪ್ರಶ್ನೆ ಕೇಳಿದವರು ನಿವೃತ್ತ ಪೊಲೀಸರೊಬ್ಬರು, ಉತ್ತರದ ಅರ್ಧ ಅವರದೇ. ಮೊದಲ ತಪ್ಪು ಅವನದಲ್ಲ. ಒಬ್ಬನೇ ಡ್ರೈವರೂ ಆಗಿ ಗನ್‌ಮ್ಯಾನೂ ಆಗಬಾರದು. ಸ್ಟೇರಿಂಗ್ ಹಿಡಿದ ಕೈ ಬಂದೂಕು ಹಿಡಿಯಲಾರದು. ಎರಡನೆಯದು, ಪಿಯಾನೊ ಪಾಠ ಗೊತ್ತಾದ ಜಾಗದಲ್ಲಿ ಗೊತ್ತಾದ ಹೊತ್ತಿಗೆ. ದಾರಿ ಬದಲಿಸಬಹುದು, ಬಾಗಿಲು ಬದಲಿಸಲಾಗದು. ಅಪಹರಣಗಳು ಮನೆ, ಶಾಲೆ, ಪಾಠದ ಬಾಗಿಲುಗಳ ಹತ್ತಿರ ನಡೆಯುವುದು ಇದಕ್ಕೇ.

ಅವನು ಸರಿಯಾಗಿ ಮಾಡಿದ್ದೂ ಇದೆ. ಹಿಂಬಾಲಿಸುವ ಕಾರುಗಳ ಮೇಲೆ ಕಣ್ಣಿಡುವ ಅಭ್ಯಾಸ ಅವನಿಂದ ಹುಡುಗಿಗೂ ಹತ್ತುತ್ತದೆ. ಅವಳು ಕಾರಿನ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಾಳೆ. ಆಸ್ಪತ್ರೆಯಿಂದ ಎದ್ದು ಬಂದ ಕ್ರೀಸಿಗೆ ಮೊದಲ ಸುಳಿವು ಸಿಗುವುದು ಆ ಪುಟದಲ್ಲೇ. ಕಲಿಸಿದ ಪಾಠ ತಿರುಗಿ ಬಂದದ್ದು ಹಾಗೆ. ಎದುರಿಗೆ ಸಮವಸ್ತ್ರದ ಪೊಲೀಸರೇ ನಿಂತಾಗ ಯಾವ ಗನ್‌ಮ್ಯಾನ್ ಏನು ಮಾಡಲು ಸಾಧ್ಯ ಎಂದು ನಿವೃತ್ತರು ಕೊನೆಗೆ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಕ್ಯಾಮೆರಾ ಯಾಕೆ ಹಾಗೆ ಒದ್ದಾಡುತ್ತೆ? ನನಗೆ ತಲೆನೋವೇ ಬಂತು.

ಪಾಲ್ ಕ್ಯಾಮೆರಾನ್ ಛಾಯಾಗ್ರಹಣ. ಹಳೆಯ ಕಾಲದ ಕೈತಿರುಗಣೆ ಕ್ಯಾಮೆರಾಗಳನ್ನೂ ಬಳಸಿದ್ದಾರೆ, ಅದಕ್ಕೇ ಚಿತ್ರದ ವೇಗ ತೊದಲುತ್ತದೆ, ಒಂದರ ಮೇಲೊಂದು ಬಿಂಬ ಕೂರುತ್ತದೆ. ಫಿಲ್ಮನ್ನು ಅದಕ್ಕಲ್ಲದ ರಾಸಾಯನಿಕದಲ್ಲಿ ತೊಳೆದು ಬಣ್ಣಗಳನ್ನು ಸುಟ್ಟಂತೆ ಮಾಡಿದ್ದಾರೆ. ಕ್ರೀಸಿಯ ಅಮಲು ಮತ್ತು ಗಾಯದ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದು ಸಮರ್ಥನೆ. ಅರ್ಧ ಒಪ್ಪುತ್ತೇನೆ. ಅಪಹರಣದ ದೃಶ್ಯದಲ್ಲಿ ಅದು ಅದ್ಭುತ, ಒಬ್ಬ ಮನುಷ್ಯ ಬರೀ ಮೆಟ್ಟಿಲಿಳಿಯುವಾಗಲೂ ಅದೇ ಮಾಡಿದರೆ ಕಿರಿಕಿರಿ.

ಕೆಳಗಿನ ಅಕ್ಷರಗಳ ಮಾತು ಬೇರೆ. ಸ್ಪ್ಯಾನಿಷ್ ಮಾತಿನ ಅನುವಾದ ಇಲ್ಲಿ ಪರದೆಯ ತಳದಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ದೊಡ್ಡದಾಗುತ್ತದೆ, ಮಧ್ಯಕ್ಕೆ ಬರುತ್ತದೆ, ಮಾತಿನ ಜೊತೆ ನಡುಗುತ್ತದೆ. ಕ್ರೀಸಿ ಇಂಗ್ಲಿಷಿನಲ್ಲಿ ಹೇಳಿದ ಒತ್ತಿನ ಮಾತಿಗೂ ಕೆಲವೊಮ್ಮೆ ಅಕ್ಷರ ಮೂಡುತ್ತದೆ. ಉಪಶೀರ್ಷಿಕೆಗೂ ಒಂದು ಪಾತ್ರ ಕೊಡಬಹುದು ಎಂದು ನಾನು ಮೊದಲು ಕಂಡದ್ದು ಇಲ್ಲೇ.

ಅವನು ಬೈಬಲ್ ಹೇಳ್ತಾನೆ, ಆಮೇಲೆ ಕೊಲ್ತಾನೆ. ಏನಿದು ನಾಟಕ?

ಶಾಲೆಯ ಸನ್ಯಾಸಿನಿ ಒಂದು ವಚನ ಶುರುಮಾಡುತ್ತಾಳೆ, ಕ್ರೀಸಿ ಅದನ್ನು ಮುಗಿಸಿ ಎಲ್ಲಿದೆ ಎಂದೂ ಹೇಳುತ್ತಾನೆ. ರೋಮನ್ನರಿಗೆ ಬರೆದ ಪತ್ರ, 12ನೇ ಅಧ್ಯಾಯ, 21ನೇ ವಚನ. ಕೆಡುಕಿಗೆ ಸೋಲಬೇಡ, ಒಳಿತಿನಿಂದ ಕೆಡುಕನ್ನು ಗೆಲ್ಲು ಎಂಬ ಅರ್ಥದ್ದು. ತಾನು ದಾರಿ ತಪ್ಪಿದ ಕುರಿ ಎಂದೂ ಅವಳಿಗೆ ಹೇಳುತ್ತಾನೆ. ಅದೇ ಅಧ್ಯಾಯದಲ್ಲಿ ಎರಡೇ ವಚನ ಮೇಲೆ, 19ರಲ್ಲಿ, ನೀವೇ ಸೇಡು ತೀರಿಸಿಕೊಳ್ಳಬೇಡಿ, ಅದು ದೇವರ ಕೆಲಸ ಎಂದಿದೆ. 21 ಬಾಯಿಪಾಠ ಇದ್ದವನಿಗೆ 19 ಗೊತ್ತಿರಲಿಲ್ಲ ಎಂದು ಹೇಗೆ ನಂಬುವುದು? ಮುಂದೆ ಫುಯೆಂತೆಸ್‌ನ ಕಾರುಗಳ ಮೇಲೆ ರಾಕೆಟ್ ಹಾರಿಸಲು ಕಿಟಕಿ ಹಿಡಿದು ನಿಂತಾಗ ಮನೆಯ ಮುದುಕ ಚರ್ಚಿನಲ್ಲಿ ಕ್ಷಮಿಸು ಅನ್ನುತ್ತಾರಲ್ಲ ಎನ್ನುತ್ತಾನೆ. ಕ್ಷಮೆ ಅವರಿಗೂ ದೇವರಿಗೂ ಬಿಟ್ಟದ್ದು, ಇಬ್ಬರ ಭೇಟಿ ಮಾಡಿಸುವುದಷ್ಟೇ ನನ್ನ ಕೆಲಸ ಎಂಬುದು ಕ್ರೀಸಿಯ ಉತ್ತರ. ಜನ ಶಿಳ್ಳೆ ಹೊಡೆಯುವ ಸಾಲು. ನನಗೆ ಅದು 19ನೇ ವಚನಕ್ಕೆ ಅವನು ಹುಡುಕಿಕೊಂಡ ನೆಪದಂತೆ ಕೇಳಿಸುತ್ತದೆ.

ಹಿಂದಿಯಲ್ಲಿ ಅಮಿತಾಭ್ ಮಾಡಿದ್ರಲ್ಲ, ಅದು ಇದೇನಾ?

ಇದೇ. ಅಪೂರ್ವ ಲಾಖಿಯಾ ನಿರ್ದೇಶನದ ಏಕ್ ಅಜ್ನಬಿ, 2005ರ ಡಿಸೆಂಬರ್. ಕಥೆ ಬ್ಯಾಂಕಾಕ್‌ಗೆ ಹೋಗಿದೆ. ಅಮಿತಾಭ್ ಮೌನವಾಗಿರುವಷ್ಟು ಹೊತ್ತು ಚೆನ್ನಾಗಿದೆ. ಅದೇ ವರ್ಷ ತಮಿಳಿನಲ್ಲಿ ಬಂದ ಆಣೈ ಚಿತ್ರಕ್ಕೂ ಇದೇ ಪ್ರೇರಣೆ, ಅದರ ನಾಯಕ ನಮ್ಮ ಅರ್ಜುನ್ ಸರ್ಜಾ. ಎರಡನ್ನೂ ಮೂಲ ನೋಡುವ ಮೊದಲೇ ನೋಡಿ. ಆಮೇಲೆ ನೋಡಿದರೆ ಅವಕ್ಕೆ ಅನ್ಯಾಯವಾಗುತ್ತದೆ.

ಆ ಹುಡುಗಿ ಈಗ ಏನು ಮಾಡ್ತಿದಾಳೆ? ಇಬ್ಬರೂ ಮತ್ತೆ ಒಟ್ಟಿಗೆ ನಟಿಸಿಲ್ವಾ?

ಬಿಡುಗಡೆಯ ಹೊತ್ತಿಗೆ ಡಕೋಟಾಗೆ ಹತ್ತು ವರ್ಷ. 19 ವರ್ಷ ಕಳೆದು 2023ರಲ್ಲಿ ದಿ ಈಕ್ವಲೈಜರ್ ಸರಣಿಯ ಮೂರನೇ ಚಿತ್ರದಲ್ಲಿ ಇಬ್ಬರೂ ಮತ್ತೆ ಎದುರುಬದುರಾದರು. ಅದರಲ್ಲಿ ಅವಳು ಸಿಐಎ ಅಧಿಕಾರಿ, ಅವನನ್ನು ಪ್ರಶ್ನಿಸುವವಳು. ಚಿತ್ರೀಕರಣ ಇಟಲಿಯಲ್ಲಿ, ಕ್ವಿನೆಲ್ ಕ್ರೀಸಿಯನ್ನು ಮೊದಲು ಕೆಲಸಕ್ಕೆ ಇಟ್ಟ ದೇಶದಲ್ಲೇ. ಒಂದು ಹೋಟೆಲಿನ ಮೇಜಿನಲ್ಲಿ ಇಬ್ಬರೂ ಕೂತು ಮಾತಾಡುವ ದೃಶ್ಯವಿದೆ. ಹಳೆಯದನ್ನು ನೋಡಿದವರು ಅಲ್ಲಿ ಕಥೆ ಮರೆತು ಬರೀ ಮುಖಗಳನ್ನೇ ನೋಡುತ್ತಾರೆ. ಅದನ್ನು ನೋಡಲು ಟೋನಿ ಸ್ಕಾಟ್ ಇರಲಿಲ್ಲ, 2012ರಲ್ಲೇ ತೀರಿಕೊಂಡಿದ್ದ.